ಕಾರಿಗೆ ಊದು ಹಾಕಿದ ಅಮಾವಾಸ್ಯೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ನಮ್ಮ ಅತ್ತೆ. ಅಮಾವಾಸ್ಯೆಯ ದಿನ ಸರಿಯಾಗಿ ಒಂಬತ್ತಕ್ಕೆ ಶಹಾಪುರ ಬಿಟ್ಟು ಕಕ್ಕೇರಾದಲ್ಲಿರುವ ತಂಗಿಯ ಮನೆಗೆ ಹೋಗುವುದೆಂದು ಅವರು ಎಂಟು ದಿನ ಮೊದಲೇ ಸಾರಿದ್ದರು. ಪೆಟ್ರೋಲ್ ಹಾಕಿಸಿಕೊಂಡು ಬರಲು ಹೋದ ನನ್ನ ಗಂಡ ಹತ್ತು ನಿಮಿಷ ತಡ ಮಾಡಿದ. ಆ ಹತ್ತೂ ನಿಮಿಷವನ್ನು ಅತ್ತೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದರು. ಕೊನೆಗೆ ಕಾರು ನಮ್ಮ ಓಣಿಗೆ ತಿರುಗಿತು. ಅದಕ್ಕಿಂತ ಮೊದಲು ಅದರ ವಾಸನೆ ತಿರುಗಿತು.

"ಪೆಟ್ರೋಲ್ ಗಾಡಿ ಒಳಗ ಹಾಕ್ಸೀಯೋ, ಮ್ಯಾಲ ಸುರುವಿಕೊಂಡ ಬಂದೀಯೋ?" ಎಂದರು ಅತ್ತೆ.

"ಬಂಕಿನ್ಯಾಗ ಜರಾ ಚೆಲ್ಲ್ಯಾದ ಯವ್ವಾ. ಗಾಳಿಗಿ ಹೋಗ್ತದ."

ಚೆಲ್ಲಿತ್ತು ಎಂಬುದನ್ನು ನಾನು ನಂಬಿದೆ. ಏಕೆಂದರೆ ನನ್ನ ಗಂಡ ಟ್ಯಾಂಕ್ ತುಂಬಿಸುವ ರೀತಿ ನನಗೆ ಗೊತ್ತು. ಬಂಕಿನವರ ಪೈಪು ಟಕ್ಕೆಂದು ತಾನಾಗಿ ನಿಂತರೆ ಬೇರೆಯವರಿಗೆ ಟ್ಯಾಂಕ್ ತುಂಬಿತು. ಇವನಿಗೆ ಆಟ ಶುರುವಾಯಿತು. ಕೆಳಗಿಳಿದು, ಕಾರಿನ ಪಕ್ಕಕ್ಕೆ ಹೆಗಲು ಕೊಟ್ಟು, ಎಮ್ಮೆಯನ್ನು ಕೊಟ್ಟಿಗೆಯಿಂದ ಹೊರಗೆ ನೂಕುವವನಂತೆ ಅಲ್ಲಾಡಿಸುತ್ತಾನೆ. ಒಳಗಿನ ಗಾಳಿಯೆಲ್ಲ ಬುಳುಬುಳು ಎಂದು ಹೊರಗೆ ಬರಬೇಕು, ಆ ಜಾಗಕ್ಕೂ ಪೆಟ್ರೋಲ್ ಬೀಳಬೇಕು, ಬಾಯಿಯವರೆಗೆ ತುಂಬಿದ್ದು ಕಣ್ಣಿಗೆ ಕಾಣಬೇಕು. ನಮ್ಮಲ್ಲಿ ಹೀಗೆ ಮಾಡುವವನು ಇವನೊಬ್ಬನೇ ಅಲ್ಲ. ಹಿಂದೆ ನಿಂತವರು ಹಾರ್ನ್ ಹೊಡೆಯುವುದಿಲ್ಲ, ಒಂದು ಕೈ ಕೊಡಲು ಬರುತ್ತಾರೆ.

ಹಿಂದಿನ ಐದು ತಿಂಗಳು ಮಾತ್ರ ಅವನು ಹೀಗೆ ಮಾಡಿರಲಿಲ್ಲ. ಸ್ವಲ್ಪ ಸ್ವಲ್ಪವೇ ಹಾಕಿಸುತ್ತಿದ್ದ. ವಯಸ್ಸಾದಂತೆ ಬುದ್ಧಿ ಬಂದಿರಬೇಕು ಎಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆಯುತ್ತಾರೆ. ಅಷ್ಟು ಎಲ್ಲರೂ ಮಾಡುತ್ತಾರೆ. ನಮ್ಮ ಅತ್ತೆ ಅಷ್ಟಕ್ಕೇ ನಿಲ್ಲುವವರಲ್ಲ. ನೀರೆರೆದ ಕೂಸಿಗೆ ಊದು ಹಾಕಿದಂತೆ ಗಾಡಿಗೂ ಹಾಕಬೇಕು. ಅಂದರೆ ಕೆಂಡದ ಮೇಲೆ ಲೋಬಾನದ ಪುಡಿ ಉದುರಿಸಿ, ದಟ್ಟ ಹೊಗೆ ಎಬ್ಬಿಸಿ, ಗಾಡಿಯ ಒಳಗೆ ಮೂಲೆಮೂಲೆಗೂ ಹಿಡಿಯಬೇಕು. ಈ ಪದ್ಧತಿ ಅವರಿಗೆ ಬಾಣಂತಿ ಕೋಣೆಯಿಂದ ಬಂತೋ, ದರ್ಗಾದ ಗುರುವಾರಗಳಿಂದ ಬಂತೋ ಯಾರೂ ವಿಚಾರಿಸಿಲ್ಲ. ದೃಷ್ಟಿ ಹೋಗುತ್ತದೆ, ಸೊಳ್ಳೆ ಹೋಗುತ್ತದೆ, ಕೆಟ್ಟ ವಾಸನೆ ಹೋಗುತ್ತದೆ. ಮೂರನೆಯದು ಆ ದಿನ ನಮಗೆ ಬೇಕಾಗಿತ್ತು.

"ವಾಸನಿ ಹೊಡ್ಯಾಕತ್ತದ. ಇವತ್ತ ಎರಡ ಚಿಮಟಿ ಜಾಸ್ತಿ ಹಾಕಬೇಕು," ಎಂದ ಅತ್ತೆ ನನ್ನ ಕಡೆ ತಿರುಗಿದರು. "ಯವ್ವಾ, ನೀರೊಲಿಯಾಗಿಂದ ಕೆಂಡ ತೊಗೊಂಡ ಬಾ."

ನಾನು ಬಿಎಸ್ಸಿ ಓದಿದವಳು, ಅದೂ ರಸಾಯನಶಾಸ್ತ್ರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂಡುತ್ತದೆ, ಒಂದು ಕಿಡಿ ಸಾಕು ಎಂದು ವರ್ಷಕ್ಕೊಮ್ಮೆ ಕಪ್ಪು ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಆ ಬೆಳಿಗ್ಗೆಯೂ ಆ ಸಾಲು ನೆನಪಾಗದೆ ಇರಲಿಲ್ಲ. ಎರಡು ಗೆರೆಯ ಸಮೇತ ನೆನಪಾಯಿತು. ಬಾಯಿ ತೆರೆದಿದ್ದರೆ "ಓದಿದಾಕಿ ಬಂದಳು ನೋಡು" ಎಂಬ ಮಾತು ಬರುತ್ತಿತ್ತು, ಆಗಲೇ ಹದಿನೈದು ನಿಮಿಷ ತಡವಾಗಿತ್ತು, ಬಂಕಿನಲ್ಲಿ ಚೆಲ್ಲಿದ್ದು ಹೇಗೂ ಹೊರಗೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋಗಿ ಕೆಂಡ ತಂದೆ. ತೊಗರಿ ಕಟ್ಟಿಗೆಯ ಕೆಂಡ, ಬೂದಿ ಮುಚ್ಚಿತ್ತು. ಅತ್ತೆ ಬೈದಾರೆಂದು ಊದಿ ಊದಿ ಕೆಂಪಗೆ ಮಾಡಿ ಕೊಟ್ಟೆ.

ಅತ್ತೆ ಧೂಪದಾನಿ ಹಿಡಿದು ಹಿಂದಿನ ಸೀಟಿನ ನಡುಮಧ್ಯೆ ಕುಳಿತರು.

"ಬಾಗಲಾ ಹಾಕು. ಹೊಗಿ ಹಿಡೀಬೇಕು."

ನಾನು ಬಾಗಿಲು ಹಾಕಿದೆ. ಸರಿಯಾಗಿ ಹತ್ತಲಿಲ್ಲವೆಂದು ತೆರೆದು ಇನ್ನೊಮ್ಮೆ ಹಾಕಿದೆ. ಗಾಜಿನ ಒಳಗೆ ಬಿಳಿ ಹೊಗೆ ತುಂಬಿ ಅತ್ತೆ ಮೊದಲು ಸೊಂಟದವರೆಗೆ ಮರೆಯಾದರು, ಆಮೇಲೆ ಕುತ್ತಿಗೆಯವರೆಗೆ. ಕೊನೆಗೆ ಕುಂಕುಮವಷ್ಟೇ ಕಾಣುತ್ತಿತ್ತು. ಮೂರು ನಿಮಿಷವಿರಬೇಕು. ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಹೊರಬಂದು, "ಈಗ ನೋಡು, ದೇವರ ಗುಡಿ ಆಗ್ಯಾದ," ಎಂದರು.

ಏನೂ ಆಗಲಿಲ್ಲ. ಈ ಬರಹದಲ್ಲಿ ಬೆಂಕಿ ಹತ್ತುವುದಿಲ್ಲ, ಓದುವವರು ನಿರಾತಂಕವಾಗಿ ಕೂಡಬಹುದು. ನನಗೆ ಮಾತ್ರ ಆ ನಿರಾತಂಕ ಸಿಗಲು ಒಂದು ತಿಂಗಳು ಹಿಡಿಯಿತು.

ಭೀಮರಾಯನಗುಡಿ ದಾಟುವವರೆಗೆ ದೇವರ ಗುಡಿಯ ವಾಸನೆಯೇ ಇತ್ತು. ಆಮೇಲೆ ಲೋಬಾನ ಸೋತು ಪೆಟ್ರೋಲ್ ಗೆದ್ದಿತು. ನಾಲ್ಕೂ ಗಾಜು ಇಳಿಸಿದೆವು. ಸಮ ರಸ್ತೆಯಲ್ಲಿ ಹೇಗೋ ತಡೆಯಬಹುದಿತ್ತು. ಸುರಪುರದ ಏರು ಹತ್ತತೊಡಗಿದ್ದೇ ಹಿಂದಿನ ಸೀಟಿನಲ್ಲಿ ಕುಳಿತಿದ್ದ ನನಗೂ ಅತ್ತೆಗೂ ಯಾರೋ ಬಾಟಲಿಯ ಬಾಯಿಯನ್ನೇ ಮೂಗಿಗೆ ಹಿಡಿದಂತಾಯಿತು. ನನಗೆ ತಲೆ ಸುತ್ತಿತು. ಅತ್ತೆ ಮಗನ ಹೆಗಲಿಗೆ ಎರಡು ಪೆಟ್ಟು ಹಾಕಿ ಗಾಡಿ ನಿಲ್ಲಿಸಿ, ಕೆಳಗಿಳಿದು, ಬೆಳಗಿನ ಚಹಾ ಅವಲಕ್ಕಿಯನ್ನೆಲ್ಲ ರಸ್ತೆಯ ಪಕ್ಕ ಬಿಟ್ಟುಕೊಟ್ಟರು.

"ಇನ್ನ ನಾ ಹತ್ತಂಗಿಲ್ಲ," ಎಂದರು ಬಾಯಿ ಮುಕ್ಕಳಿಸಿ. "ಬಂಕಿನ್ಯಾಗ ಚೆಲ್ಲಿದ್ದು ಇಷ್ಟ ದೂರ ನಮ್ಮ ಬೆನ್ನ ಹತ್ತಿ ಬರ್ತದೇನೋ?"

ಕೆಂಭಾವಿಯ ಕಡೆ ಹೋಗುವ ರಸ್ತೆಯಲ್ಲಿ ಒಬ್ಬ ಮಿಸ್ತ್ರಿಯ ಗ್ಯಾರೇಜು ಇತ್ತು. ಗಂಡ ಕಾರನ್ನು ಇಳಿಜಾರಿಗೆ ತಿರುಗಿಸಿ, ಇಂಜಿನ್ ಬಂದ್ ಮಾಡಿ, ಉರುಳಿಸಿಕೊಂಡೇ ಅಲ್ಲಿಗೆ ಒಯ್ದ. ನಾನೂ ಅತ್ತೆಯೂ ಹಿಂದೆ ನಡೆದು ಹೋದೆವು, ಮೆರವಣಿಗೆ ತಪ್ಪಿದ ಬೀಗರಂತೆ.

ಮಿಸ್ತ್ರಿಗೆ ಐವತ್ತು ದಾಟಿತ್ತು. ಕಿವಿಯ ಮೇಲೊಂದು ಬೀಡಿ ಸಿಕ್ಕಿಸಿದ್ದ. ನಾವು ಹೇಳಿದ್ದನ್ನೆಲ್ಲ ಕೇಳಿ, ಮೊದಲು ಆ ಬೀಡಿ ತೆಗೆದು ಎದುರಿನ ಚಹಾದಂಗಡಿಯ ಕಟ್ಟೆಯ ಮೇಲಿಟ್ಟು ಬಂದ. ಆಮೇಲೆ ಬ್ಯಾಟರಿಯ ವೈರು ಬಿಚ್ಚಿದ. ಬಾನೆಟ್ಟಿನ ಕೆಳಗೆ ನೋಡಿದ, ಮಲಗಿ ಗಾಡಿಯ ಹೊಟ್ಟೆ ನೋಡಿದ, ಪೆಟ್ರೋಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿದ. ಎಲ್ಲ ಒಣಗಿತ್ತು. ಗಾಜು ಏರಿಸಿ, ನಾಲ್ಕೂ ಬಾಗಿಲು ಹಾಕಿ, ಕಾರನ್ನು ನೆರಳಿನಲ್ಲಿ ಸುಮ್ಮನೆ ಬಿಟ್ಟ.

"ಹತ್ತ ಮಿನಿಟ್ ಹಿಂಗ ಇರ್ಲಿ. ಆಮ್ಯಾಲ ಒಂದೊಂದ ಬಾಗಲಾ ತಗದ ನೋಡೂಣು, ಎಲ್ಲಿ ಜಾಸ್ತಿ ಹೊಡಿತದಂತ. ಮೂಗ ಯಾರ್ದು ಛಲೋ ಅದ ನಿಮ್ಮೊಳಗ?"

"ಯಾಕ್ರಿ, ನಿಮಗ ಮೂಗಿಲ್ಲೇನು?" ಎಂದ ನನ್ನ ಗಂಡ.

"ಮೂವತ್ತ ವರ್ಷ ಇದೇ ವಾಸನಿ ಕುಡದೀನಿ ಸಾಹೇಬ್ರ. ನಂದ ಮೂಗ ಮಕಾ ಮ್ಯಾಲ ಶೋಕಿಗಿ ಅದ ಅಷ್ಟ. ಮನ್ಯಾಗ ಬಿರ್ಯಾನಿ ಮಾಡಿದ್ರೂ ಬಗ್ಗಿ ನೋಡಿದ್ರನ ತಿಳೀತದ. ನಾ ಯಾವತ್ತೂ ಗಿರಾಕಿ ಮೂಗಿನ ಮ್ಯಾಲೇ ಕೆಲಸಾ ಮಾಡೂದು."

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಎರಡನೆಯ ಉತ್ತರವಿಲ್ಲ. ಓಣಿಯ ಯಾವ ಮನೆಯಲ್ಲಿ ಬೇಳೆ ತಳ ಹಿಡಿದಿದೆ, ಯಾರ ಮನೆಯ ಹಾಲು ನಿನ್ನೆಯದು, ಮಗ ಯಾರ ಜೊತೆ ಎಲ್ಲಿ ಕುಳಿತು ಏನು ಕುಡಿದು ಬಂದಿದ್ದಾನೆ, ಇವೆಲ್ಲ ಅತ್ತೆಗೆ ಬಾಗಿಲಲ್ಲೇ ತಿಳಿಯುತ್ತವೆ. ವಾಂತಿ ಮಾಡಿಕೊಂಡು ಸುಸ್ತಾಗಿ ಕಟ್ಟೆಗೆ ಒರಗಿದ್ದವರು ಈ ಮಾತು ಕೇಳಿ ಸೆರಗು ಸರಿಮಾಡಿಕೊಂಡು ಎದ್ದರು.

ಮಿಸ್ತ್ರಿ ಮುಂದಿನ ಬಾಗಿಲು ತೆರೆದ. ಅತ್ತೆ ಬಗ್ಗಿದರು. "ಇಲ್ಲಿ ಕಡಿಮಿ ಅದ." ಎಡ ಹಿಂದಿನ ಬಾಗಿಲು. "ಹೂಂ." ಬಲ ಹಿಂದಿನ ಬಾಗಿಲು. "ಹೂಂ ಹೂಂ." ಡಿಕ್ಕಿ. ಅಲ್ಲಿ ತಂಗಿಗೆಂದು ಕಟ್ಟಿಕೊಂಡ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟಿತ್ತು. ಗಂಟು ಮೂಸಿ, "ರೊಟ್ಟಿಗೂ ಹತ್ತ್ಯಾದ, ಹಾಳಾದದ್ದು," ಎಂದು ಪಕ್ಕಕ್ಕಿಟ್ಟರು. ಮತ್ತೆ ಹಿಂದಿನ ಸೀಟಿಗೆ ಬಂದು, ಅದರ ಉದ್ದಕ್ಕೂ ಮೂಗು ಹಾಯಿಸುತ್ತ ಹೋಗಿ, ಬಲಗಡೆ ಒಂದು ಕಡೆ ನಿಂತು, ಬೆರಳಿಟ್ಟರು.

"ಇಲ್ಲಿ. ಇದರ ತೆಳಗ. ಪೆಟ್ರೋಲ್ ಅದ. ಅದರ ಜೊತಿ," ಇನ್ನೊಮ್ಮೆ ಎಳೆದುಕೊಂಡರು, "ಸಾಬೂನು ಅದ. ಮೈಗಿ ಹಚ್ಚೂದು."

ಸಾಬೂನು ಎಂದ ಕೂಡಲೇ ನನ್ನ ಗಂಡ ಆಕಾಶ ನೋಡತೊಡಗಿದ. ಸುರಪುರದ ಆಕಾಶದಲ್ಲಿ ಆಗ ಒಂದು ಹದ್ದೂ ಇರಲಿಲ್ಲ.

ಮಿಸ್ತ್ರಿ ಹಿಂದಿನ ಸೀಟಿನ ಮೆತ್ತೆಯನ್ನು ಎರಡು ಕಡೆ ಹಿಡಿದು ಮೇಲಕ್ಕೆತ್ತಿದ. ಅದರ ಕೆಳಗೆ ಕಬ್ಬಿಣದ ನೆಲದಲ್ಲಿ ಊಟದ ತಟ್ಟೆಯಷ್ಟು ಅಗಲದ ಮುಚ್ಚಳ. ಅದನ್ನು ತೆಗೆದರೆ ನೇರ ಟ್ಯಾಂಕಿನ ನೆತ್ತಿ. ಪೆಟ್ರೋಲ್ ಮೇಲೆತ್ತುವ ಪಂಪು ಅಲ್ಲಿಂದ ಟ್ಯಾಂಕಿನೊಳಗೆ ಇಳಿದಿರುತ್ತದೆ, ಅದರ ಕುತ್ತಿಗೆಗೆ ಒಂದು ರಬ್ಬರ್ ರಿಂಗು ಬಿಗಿಯಾಗಿ ಕೂತಿರಬೇಕು. ಇಲ್ಲಿ ರಿಂಗು ಉಬ್ಬಿ ಒಂದು ಕಡೆ ಜಾರಿ ಹೊರಗೆ ಬಂದಿತ್ತು. ಸಂದಿಯ ಸುತ್ತ ಗುಲಾಬಿ ಬಣ್ಣದ ಸಾಬೂನು ಮೆತ್ತಿ, ಅದು ಒಣಗಿ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಬಿರುಕುಗಳಲ್ಲಿ ಪೆಟ್ರೋಲ್ ಒದ್ದೆಯಾಗಿ ಹೊಳೆಯುತ್ತಿತ್ತು.

"ಟ್ಯಾಂಕ್ ಅರ್ಧಾ ಇದ್ರ ಏನೂ ಆಗಂಗಿಲ್ಲ," ಎಂದ ಮಿಸ್ತ್ರಿ. "ಬಾಯಿತನಕ ತುಂಬಿದ್ರ ಇಲ್ಲಿಗಿ ಬಂದ ಮುಟ್ಟತದ. ಗಾಡಿ ಏರ ಹತ್ತಿದ್ರ ಎಲ್ಲಾ ಹಿಂದ ಬಂದ ಒದೀತದ. ಈ ಸಾಬೂನ್ ಯಾರ ಹಚ್ಯಾರ?"

ಮೂವರೂ ಗಂಡನನ್ನು ನೋಡಿದೆವು.

ಐದು ತಿಂಗಳ ಹಿಂದೆ ಕೆಂಭಾವಿಯಲ್ಲಿ ಕಾರು ನಿಂತುಬಿಟ್ಟಾಗ ಅಲ್ಲೊಬ್ಬರು ಪಂಪು ಬದಲಿಸಿಕೊಟ್ಟಿದ್ದರಂತೆ. ಹೊಸ ರಿಂಗು ಇರಲಿಲ್ಲ. ಸೋರಿದ ಕಡೆ ಸಾಬೂನು ಮೆತ್ತುವುದು ರಸ್ತೆಯ ಮೇಲೆ ಎಲ್ಲರೂ ಮಾಡುವ ತಾತ್ಕಾಲಿಕ ಉಪಾಯ, ಅದನ್ನು ಮಾಡಿ, ನಾಲ್ಕು ದಿನ ಬಿಟ್ಟು ಬನ್ನಿ, ಅಲ್ಲಿಯವರೆಗೆ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ ಎಂದು ಹೇಳಿ ಕಳಿಸಿದ್ದರು. ಇವನು ನಾಲ್ಕು ದಿನ ಬಿಟ್ಟು ಹೋಗುವುದನ್ನು ಮರೆತ. ಅರ್ಧವೇ ತುಂಬಿಸಬೇಕು ಎಂಬುದಷ್ಟೇ ನೆನಪಿತ್ತು, ಏಕೆ ಎಂಬುದು ಹೋಗಿತ್ತು. ಅಮಾವಾಸ್ಯೆಯ ದಿನ ದೂರ ಹೋಗುವುದಿದೆ ಎಂದು ಅದನ್ನೂ ಮರೆತು, ಬಾಯಿತನಕ ತುಂಬಿಸಿ, ಹೆಗಲು ಕೊಟ್ಟು ಅಲ್ಲಾಡಿಸಿ ತಂದಿದ್ದ.

"ಮೈಗಿ ಹಚ್ಚೂ ಸಾಬೂನು ಗಾಡಿಗಿ ಹಚ್ಯಾನ," ಎಂದರು ಅತ್ತೆ, ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೂ ಕೇಳುವಂತೆ. "ತಾ ಮಾತ್ರ ಎರಡ ದಿನಕ್ಕೊಮ್ಮಿ ಜಳಕಾ ಮಾಡ್ತಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಮಿಸ್ತ್ರಿ ಮೆತ್ತೆಯನ್ನು ಬಿಸಿಲಿಗೆ ಇಡಲೆಂದು ಎತ್ತಿದವನು ತಡೆದು, ಅದನ್ನು ಕಣ್ಣಿಗೆ ಹತ್ತಿರ ಹಿಡಿದ. ಬಲಗಡೆ, ಅತ್ತೆ ಬೆರಳಿಟ್ಟ ಜಾಗದಿಂದ ಒಂದು ಗೇಣು ಈಚೆ, ಸೀಟಿನ ಕವರಿನಲ್ಲಿ ತೊಗರಿ ಕಾಳಿನಷ್ಟು ತೂತು. ಅಂಚು ಕಪ್ಪಗಿತ್ತು. ತೂತಿನ ಕೆಳಗೆ ಸ್ಪಂಜು ಅರ್ಧ ಬೆರಳಿನಷ್ಟು ಸುಟ್ಟು, ತಾನಾಗಿ ಆರಿತ್ತು.

"ಅಕ್ಕಾ," ಎಂದ ನನ್ನ ಕಡೆ ತಿರುಗಿ. ದನಿ ಬದಲಾಗಿತ್ತು. "ಗಾಡ್ಯಾಗ ಯಾರರ ಬೀಡಿ ಸೇದ್ಯಾರೇನ್ರಿ?"

"ಇಲ್ರಿ. ಊದು ಹಾಕೀವಿ."

"ಯಾವಾಗ?"

"ಇವತ್ತ ಮುಂಜಾನಿ."

"ಪೆಟ್ರೋಲ್ ಹಾಕಸೂಕಿಂತ ಮೊದ್ಲಾ, ಆಮ್ಯಾಲಾ?"

"ಆಮ್ಯಾಲ."

"ಬಾಗಲಾ ತಗದಿತ್ತೇನು?"

ಈ ಸಲ ಅತ್ತೆಯೇ ಹೇಳಿದರು: "ಹಾಕಿತ್ತಪಾ. ಇಲ್ಲಂದ್ರ ಹೊಗಿ ಹ್ಯಾಂಗ ಹಿಡೀಬೇಕು?"

ಮಿಸ್ತ್ರಿ ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತ. "ಯಾ ಅಲ್ಲಾ," ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಹೆಸರಿಲೆ ಯಾರೋ ದುವಾ ಮಾಡ್ಯಾರ ನೋಡ್ರಿ," ಎಂದ.

ನಾನು ಹೋಗಿ ಚಹಾದಂಗಡಿಯ ಕಟ್ಟೆಯ ಮೇಲೆ, ಮಿಸ್ತ್ರಿಯ ಬೀಡಿಯ ಪಕ್ಕ ಕುಳಿತೆ.

ದುರಸ್ತಿ ದೊಡ್ಡದಲ್ಲ. ಕೈಪಂಪಿನಿಂದ ಟ್ಯಾಂಕಿನ ಪೆಟ್ರೋಲನ್ನು ಡಬ್ಬಿಗಳಿಗೆ ತೆಗೆದು ದೂರ ಇಟ್ಟ. ಯಾದಗಿರಿಯ ಅಂಗಡಿಗೆ ಫೋನ್ ಮಾಡಿ ರಿಂಗು ಹೇಳಿದ. ಅವರು ಅದನ್ನು ಕಾಗದದಲ್ಲಿ ಸುತ್ತಿ ಸುರಪುರದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರು, ನನ್ನ ಗಂಡ ಬಸ್ ನಿಲ್ದಾಣದಲ್ಲಿ ಎರಡು ತಾಸು ನಿಂತು ಬೀಗರನ್ನು ಕರೆತರುವಂತೆ ಅದನ್ನು ಕರೆತಂದ. ಅಷ್ಟರಲ್ಲಿ ಅತ್ತೆ ತಂಗಿಗೆ ಫೋನ್ ಹಚ್ಚಿ ಬರುವುದಿಲ್ಲವೆಂದು ಹೇಳಿ, ಗಂಟು ಬಿಚ್ಚಿ, ಮಿಸ್ತ್ರಿಗೂ ಎರಡು ರೊಟ್ಟಿ ಕೊಟ್ಟರು. "ನಿನಗಂತೂ ವಾಸನಿ ತಿಳ್ಯಾಂಗಿಲ್ಲ, ತಿನ್ನು ತಮ್ಮಾ." ಅವನು ಸಂತೋಷವಾಗಿ ತಿಂದ.

ಸಾಬೂನು ಕೆರೆದು, ಒರೆಸಿ, ಹೊಸ ರಿಂಗು ಕೂರಿಸಿ, ಮೇಲಿನ ಬಳೆ ಬಿಗಿದ. ತೆಗೆದ ಪೆಟ್ರೋಲನ್ನು ಪೂರ್ತಿ ಮರಳಿ ಸುರಿದು ನನ್ನ ಗಂಡನಿಗೆ, "ಈಗ ಅಲ್ಲಾಡಸ್ರಿ ಸಾಹೇಬ್ರ, ಬೇಕಾದಷ್ಟ. ಇದ ಕಡೀ ಸಲ," ಎಂದ. ಆಮೇಲೆ ಕಾರನ್ನು ನಾವು ಇಳಿದು ಬಂದ ಅದೇ ಏರಿನಲ್ಲಿ ಮೂತಿ ಮೇಲೆ ಮಾಡಿ, ಗಾಲಿಗೆ ಕಲ್ಲು ಕೊಟ್ಟು, ಒಂದು ತಾಸು ನಿಲ್ಲಿಸಿದ. ಮತ್ತೆ ಸೀಟು ಎತ್ತಿ ಬೆರಳಾಡಿಸಿ ನೋಡಿದ. ಒಣಗಿತ್ತು. ಆದರೂ ಅತ್ತೆಯನ್ನು ಕರೆದ. ಅತ್ತೆ ಬಗ್ಗಿ, ಬಹಳ ಹೊತ್ತು ಕಣ್ಣು ಮುಚ್ಚಿ, "ಇಲ್ಲ," ಎಂದರು. ತೀರ್ಪು ಬಂತು. ಮಿಸ್ತ್ರಿ ಹೋಗಿ ಕಟ್ಟೆಯ ಮೇಲಿನ ಬೀಡಿ ತೆಗೆದುಕೊಂಡ.

ಕಾರಿನ ಕತೆ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ. ಅತ್ತೆ ಆ ಕಾರಿನಲ್ಲಿ ಎಲ್ಲಿಗೆ ಹೊರಟರೂ ನಾನು ಮೊದಲು ಹೋಗಿ ಸೀಟು ಎತ್ತಿ ಮೂಸುತ್ತಿದ್ದೆ. ವಾಸನೆ ಅಲ್ಲಿ ಇರುತ್ತಿರಲಿಲ್ಲ, ನನ್ನ ಮೂಗಿನೊಳಗೆ ಇರುತ್ತಿತ್ತು. ಶಾಲೆಯಲ್ಲಿ, ಸಾರಿನಲ್ಲಿ, ತಲೆದಿಂಬಿನಲ್ಲಿ. ನಿದ್ದೆ ಹತ್ತಿತೆನ್ನುವಾಗ ಬಾಗಿಲು ಹಾಕಿದ ಸದ್ದು ಕೇಳುತ್ತಿತ್ತು. ಸರಿಯಾಗಿ ಹತ್ತಲಿಲ್ಲವೆಂದು ತೆರೆದು, ಇನ್ನೊಮ್ಮೆ ಹಾಕಿದ ಆ ಎರಡನೆಯ ಸದ್ದು. ಬೆಂಕಿ ಏಕೆ ಹತ್ತಲಿಲ್ಲ ಎಂಬುದಕ್ಕೆ ಮೂರು ಕಾರಣ ಹುಡುಕಿದೆ. ಉರಿ ಇಲ್ಲದ ಬರೀ ಕೆಂಡಕ್ಕೆ ಪೆಟ್ರೋಲಿನ ಆವಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಆಗತಾನೆ ತುಂಬಿಸಿದ್ದರಿಂದ ಸೋರಿದ್ದು ಇನ್ನೂ ಸ್ವಲ್ಪವೇ ಇರಬೇಕು. ಬಂಕಿನಿಂದ ಬರುವಾಗ ಗಂಡ ಗಾಜು ಇಳಿಸಿದ್ದ. ಮೂರೂ ಸರಿಯಾದ ಕಾರಣಗಳು, ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಕೊಡುವಂಥವು. ನಿದ್ದೆ ಮಾತ್ರ ಕೊಡಲಿಲ್ಲ. ಪಕ್ಕದಲ್ಲಿ ಸಾಬೂನಿನ ಅಪರಾಧಿ ಗೊರಕೆ ಹೊಡೆಯುತ್ತಿದ್ದ.

ತಿಂಗಳು ಕಳೆದು ಮತ್ತೆ ಅಮಾವಾಸ್ಯೆ ಬಂತು. ಕಾರು ತೊಳೆದಾಗಿತ್ತು, ನಿಂಬೆಹಣ್ಣು ಇಟ್ಟಾಗಿತ್ತು. ಅತ್ತೆ ಧೂಪದಾನಿ ಹಿಡಿದು ಅಂಗಳಕ್ಕೆ ಬಂದರು.

"ಕೆಂಡ ತೊಗೊಂಡ ಬಾ ಯವ್ವಾ."

"ಇಲ್ರಿ."

"ಏನಿಲ್ಲ?"

"ಗಾಡಿ ಒಳಗ ಊದು ಹಾಕೂದು ಇಲ್ರಿ ಅತ್ತಿ. ನಾ ಕೆಂಡ ತರಂಗಿಲ್ಲ."

"ರಿಂಗ್ ಹಾಕ್ಯಾರಲ್ಲ? ವಾಸನಿ ಎಲ್ಲದ ಈಗ?"

"ರಿಂಗ್ ಹಾಕಿದ್ರೂ ಇಲ್ಲ." ಅದರ ಜೊತೆಗೇ ಒಂದು ತಿಂಗಳು ಒಳಗಿದ್ದದ್ದೆಲ್ಲ ಬಂದುಬಿಟ್ಟಿತು. "ಆವತ್ತ ನನಗ ಗೊತ್ತಿತ್ರಿ. ಸಾಲ್ಯಾಗ ಇದನ್ನೇ ಹೇಳಿಕೊಡ್ತೀನಿ. ಗೊತ್ತಿದ್ದೂ ಕೆಂಡ ಊದಿ ಕೊಟ್ಟೆ, ಬಾಗಲಾ ಹಾಕ್ದೆ. ನೀವ ಬೈತೀರಿ ಅಂತ ಸುಮ್ಮನಿದ್ದೆ."

ಅತ್ತೆ ಧೂಪದಾನಿಯನ್ನು ಕಟ್ಟೆಯ ಮೇಲಿಟ್ಟರು. ನನ್ನ ಮುಖ ನೋಡಿದರು.

"ಅದಕ್ಕೇನು ತಿಂಗಳಾತು ದೆವ್ವ ಬಡದೋರಂಗ ಮಾಡಾಕತ್ತಿದ್ದಿ?"

"ನಿದ್ದಿ ಬರವಲ್ದ್ರಿ."

"ಒಳಗ ಕುಂತಾಕಿ ನಾನು. ನನಗ ಬರ್ತದ. ಹೊರಗ ನಿಂತಾಕಿ, ನಿನಗ್ಯಾಕ ಬರಂಗಿಲ್ಲ?" ಎಂದರು. ನಾನು ಅತ್ತೆ. ಅಳು ಬಂತು ಎಂಬ ಅರ್ಥದಲ್ಲಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಎದುರಿಗೆ. ಅವರಿಗೆ ಅದು ಹಿಡಿಸಲಿಲ್ಲ. "ಹಬ್ಬದ ದಿನ ಅಂಗಳದಾಗ ಅಳಬ್ಯಾಡ. ಬೈಯೂದಾದ್ರ ಬೈತೀನಿ. ನಾ ಬೈದ್ರ ಸಾಯ್ತಿದ್ದೇನು ನೀ? ಬೈಸಿಕೊಂಡರೂ ಹೇಳಬೇಕು. ಇನ್ನ ಮ್ಯಾಲ ಹೇಳು."

"ಈಗ ಹೇಳೀನಲ್ರಿ."

"ಹೂಂ, ಹೇಳೀದಿ." ಸ್ವಲ್ಪ ಯೋಚಿಸಿದರು. ಊದು ಬಿಡುವ ಮಾತಂತೂ ಅವರ ಮನಸ್ಸಿನಲ್ಲಿ ಇರಲಿಲ್ಲ. "ಗಾಡಿ ಒಳಗ ಬ್ಯಾಡ ಅಂತೀಯಲ್ಲ, ಗಾಡಿ ಚಾವಿಗಿ ಹಾಕಿದ್ರ ನಡೀತದೇನು, ಟೀಚರ್ ಬಾಯಿ?"

ಚಾವಿಗೆ ಊದು ಹಾಕಿದರೆ ಏನಾಗಬಹುದೆಂದು ನನ್ನ ಮೂರು ವರ್ಷದ ಪದವಿಯನ್ನೆಲ್ಲ ತಿರುವಿ ಹಾಕಿದೆ. ಏನೂ ಆಗುವುದಿಲ್ಲ. ಚಾವಿಯನ್ನು ತಟ್ಟೆಯಲ್ಲಿಟ್ಟು, ಮನೆಯ ಹಿಂದೆ ನೀರೊಲೆಯ ಹತ್ತಿರ, ಕಾರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಹಾಕಿದೆವು. ಹೆಜ್ಜೆ ನಾನೇ ಹಾಕಿ ನೋಡಿದ್ದೆ. ಕೆಂಡವನ್ನೂ ನಾನೇ ಊದಿದೆ. ಅತ್ತೆ ಚಾವಿಯನ್ನು ಹೊಗೆಯಲ್ಲಿ ಮೂರು ಸಲ ತಿರುಗಿಸಿ ಮಗನ ಕೈಗೆ ಕೊಟ್ಟು, "ಅರ್ಧಾನೇ ಹಾಕಸು. ಗಾಡಿ ಅಲ್ಲಾಡಿಸಿದ್ರ ನಿನ್ನ ಅಲ್ಲಾಡಸ್ತೀನಿ," ಎಂದರು. ಆ ದಿನ ಕಕ್ಕೇರಾಕ್ಕೆ ಹೋಗಿ ಬಂದೆವು. ಸುರಪುರದ ಏರಿನಲ್ಲಿ ನಾನು ಉಸಿರು ಬಿಗಿಹಿಡಿದೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಎರಡೂ ಹೊಳ್ಳೆ ಅರಳಿಸಿ ಎಳೆದು, ತಲೆ ಅಲ್ಲಾಡಿಸಿದರು. ಏನೂ ಇರಲಿಲ್ಲ.

ಮರುದಿನ ನನ್ನನ್ನು ಎಬ್ಬಿಸಿದ್ದು ಬಾಗಿಲು ಬಡಿದ ಸದ್ದು. ಮಲಗುವ ಕೋಣೆಯದು, ಹೊರಗೆ ಅತ್ತೆ.

"ಸಾಲಿಗಿ ರಜಾ ಅದ ಏನು? ಏಳೂವರಿ ಆಗ್ಯಾದ. ಮೂರನೇ ಸಲ ಬಡ್ಯಾಕತ್ತೀನಿ."

ಮೊದಲ ಎರಡು ಸಲ ನನಗೆ ಕೇಳಿರಲೇ ಇಲ್ಲ.